ಲೊಕ್ಕನಹಳ್ಳಿಯ ಬಂಡೆಯೂ ಅಸ್ಥಿಪ್ರಮಾಣವೂ

ಅಳಿದುಹೋದ ಪ್ರಾಣಿಗಳ ವಿಷಯವನ್ನೂ ಮನುಷ್ಯಜಾತಿಯ ಪೂರ್ವವೃತ್ತಾಂತವನ್ನೂ ಮೂಳೆಗಳ ಆಧಾರದಿಂದ ನಿರ್ಣಯಿಸುವವರ ಬರೆಹಗಳಲ್ಲಿ ಎರಡು ಬಗೆಯ ದೋಷಗಳು ಮೇಲಿಂದ ಮೇಲೆ ಕಂಡುಬರುತ್ತವೆ. ದೊರೆತ ಮೂಳೆಯಿಂದ ಎಷ್ಟು ಸಿದ್ಧವಾಗುವುದೋ ಅದಕ್ಕಿಂತ ಹೆಚ್ಚನ್ನು ಹೇಳುವುದು ಒಂದು. ಮೂಳೆಯು ದೊರೆಯದ ಕಡೆಯಲ್ಲಿ ಏನೂ ಇರಲಿಲ್ಲವೆಂದು ತೀರ್ಮಾನಿಸುವುದು, ಅಥವಾ ದೊರೆಯದ ಮೂಳೆಯ ಸ್ಥಾನದಲ್ಲಿ ಬೇರೊಂದು ವಸ್ತುವನ್ನು ತಂದು ನಿಲ್ಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಉದಾಹರಣೆಗಳು ದೇಶದೇಶಗಳಲ್ಲಿಯೂ ಉಂಟು. ಎರಡನೆಯದಕ್ಕೆ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಸೀಮೆಗಿಂತ ತಕ್ಕ ನಿದರ್ಶನವು ಕನ್ನಡನಾಡಿನಲ್ಲಿ ಸಿಕ್ಕುವುದು ಕಷ್ಟ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಪೂರ್ವಕ್ಕೆ ಮಲೆಯ ಮಹದೇಶ್ವರನ ಬೆಟ್ಟಗಳು. ನಡುವೆ ಆನೆ ಕಾಟಿಗಳು ತಿರುಗುವ ಕಾಡು, ಸೋಲಿಗರ ಪೋಡುಗಳು, ರಾಗಿಯ ಹೊಲಗಳು. ಇಲ್ಲಿನ ಬಂಡೆಯಲ್ಲಿ ಪ್ರಾಚೀನಪ್ರಾಣಿಯ ಒಂದು ಹಲ್ಲೂ ದೊರೆಯದು, ದೊರೆಯಲಾರದು. ಆದರೂ ಮನುಷ್ಯನ ಆದಿಯನ್ನು ಕುರಿತು ಈ ಸೀಮೆಯ ಹೆಸರಿನಲ್ಲಿ ಹೇಳಲ್ಪಟ್ಟಿರುವ ಮಾತುಗಳು ಅಲ್ಪವಲ್ಲ. ಆ ಮಾತುಗಳ ಪ್ರಾಮಾಣ್ಯವೆಷ್ಟೆಂಬುದು ಪರೀಕ್ಷಿಸತಕ್ಕ ವಿಷಯವಾಗಿದೆ.

ಶಬ್ದದ ವಿಷಯವನ್ನು ಮೊದಲು ನೋಡಬಹುದು. ಕನ್ನಡದಲ್ಲಿ ಈಗ ನೆಲೆಗೊಂಡಿರುವ 'ಪಳೆಯುಳಿಕೆ' ಎಂಬ ಮಾತು ಒಳ್ಳೆಯ ಮಾತು. ಹಳಗನ್ನಡದಲ್ಲಿ ಪೞೆಯದೂ ಉೞಿದುದೂ ಎರಡೂ ೞಕಾರದವು. ಆ ಅಕ್ಷರವೇ ಈಗ ಕನ್ನಡದ ಬರೆವಣಿಗೆಯಲ್ಲಿ ಪಳೆಯುಳಿಕೆಯಾಗಿ ಹೋಗಿರುವುದು ಒಂದು ವಿನೋದ. ಹಿಂದಿಯವರ 'ಜೀವಾಶ್ಮ'ವು ಕಲ್ಲಾದುದನ್ನು ಮಾತ್ರ ಹೇಳುತ್ತದೆ. ಕನ್ನಡದ ಮಾತು ಉಳಿದುದೆಲ್ಲವನ್ನೂ, ಎಂದರೆ ಮೂಳೆ, ಹಲ್ಲು, ಚಿಪ್ಪು, ಹೆಜ್ಜೆಯ ಗುರುತು, ಎಲೆಯ ಅಚ್ಚು ಇವೆಲ್ಲವನ್ನೂ ಒಳಗೊಳ್ಳುತ್ತದೆ. ಶಿಷ್ಟರ ಮನೆಗಳಲ್ಲಿ ಪೂಜೆಗೊಳ್ಳುವ ಗಂಡಕೀ ನದಿಯ ಸಾಲಗ್ರಾಮವೂ ಅಮ್ಮೊನೈಟೆಂಬ ಕಡಲಪ್ರಾಣಿಯ ಚಿಪ್ಪಿನ ಪಳೆಯುಳಿಕೆಯೇ. ಅದರ ಚಕ್ರವು ಆ ಜೀವಿಯು ಬೆಳೆಬೆಳೆದಂತೆ ಕಟ್ಟಿಕೊಂಡ ಕೋಣೆಗಳ ಸುರುಳಿ. ಆ ಜಾತಿಯೆಲ್ಲವೂ ಸುಮಾರು ೬.೬ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತು. ಇದನ್ನು ತಿಳಿದ ಮಾತ್ರಕ್ಕೆ ಪೂಜೆಗೆ ಹಾನಿಯೇನೂ ಇಲ್ಲವಷ್ಟೆ.

ಇನ್ನು ಪೂರ್ವಪಕ್ಷ. ೨೦೧೮ನೆಯ ಇಸವಿ ಜನವರಿಯಲ್ಲಿ ಆಗಿನ ಕೇಂದ್ರಸರ್ಕಾರದ ರಾಜ್ಯಮಂತ್ರಿಗಳಾಗಿದ್ದ ಸತ್ಯಪಾಲ್ ಸಿಂಗರು ಔರಂಗಾಬಾದಿನಲ್ಲಿ, ಕಪಿಯು ಮನುಷ್ಯನಾಗುವುದನ್ನು ಪೂರ್ವಿಕರಲ್ಲಿ ಯಾರೂ ಕಂಡಿಲ್ಲವಾದಕಾರಣ ಡಾರ್ವಿನ್ನನ ಮತವು ತಪ್ಪೆಂಬ ಅಭಿಪ್ರಾಯವನ್ನು ಹೇಳಿದರು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸಹಿತವಾಗಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಇದನ್ನು ಅಲ್ಲಗಳೆದುವು. ವಿಜ್ಞಾನಿಗಳು ತಮ್ಮ ರೀತಿಯಲ್ಲಿ ಉತ್ತರಕೊಟ್ಟರು; ಶಾಸ್ತ್ರವನ್ನು ಓದಿದವರು ಕೊಡಬೇಕಾಗಿದ್ದ ಉತ್ತರವು ಬೇರೊಂದಿತ್ತು. ಕಣ್ಣಿಗೆ ಕಂಡುದಷ್ಟೇ ಪ್ರಮಾಣವೆಂಬುದು ಚಾರ್ವಾಕನ ಮತವೇ ಹೊರತು ಆಸ್ತಿಕದರ್ಶನಗಳಲ್ಲಿ ಒಂದಕ್ಕೂ ಸಮ್ಮತವಾದುದಲ್ಲ. ವೈದಿಕಸಮ್ಮೇಳನದ ಸಂದರ್ಭದಲ್ಲಿ ಚಾರ್ವಾಕಪಕ್ಷವು ಸ್ಥಾಪಿತವಾದುದನ್ನು ಅಲ್ಲಿ ನೆರೆದಿದ್ದವರು ಗಮನಿಸಿದಂತೆ ತೋರುವುದಿಲ್ಲ.

ಅಕ್ಷಪಾದರು ಅನುಮಾನವನ್ನು ಪೂರ್ವವತ್ತು, ಶೇಷವತ್ತು, ಸಾಮಾನ್ಯತೋದೃಷ್ಟವೆಂದು ಮೂರಾಗಿ ವಿಭಾಗಿಸಿದ್ದಾರೆ. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದು ಶೇಷವತ್ತು. ಹೊಳೆಯು ಕೆಂಪಾಗಿ ತುಂಬಿ ವೇಗದಿಂದ ಹರಿಯುವುದನ್ನು ಕಂಡವನು ಮೇಲುಗಡೆ ಮಳೆಯಾಗಿರಬೇಕೆಂದು ತಿಳಿಯುತ್ತಾನಲ್ಲವೆ? ಆ ಮಳೆಯನ್ನು ಅವನು ನೋಡಿಲ್ಲ. ಮೂಳೆಯಿಂದ ಪ್ರಾಣಿಯನ್ನು ತಿಳಿಯುವುದೂ ಈ ಜಾತಿಯ ಅನುಮಾನವೇ. ಆದರೆ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಬಲವಾದ ಆಕ್ಷೇಪವನ್ನೂ ತಂದಿದ್ದಾರೆ: ಕಟ್ಟೆಯು ತಡೆದುದರಿಂದಲೂ ಹೊಳೆಯು ತುಂಬಬಹುದು, ಇರುವೆಗಳು ಮೊಟ್ಟೆಯನ್ನು ಹೊತ್ತುಕೊಂಡು ಹೋಗುವುದು ಮಳೆಯ ಸೂಚನೆಯಾಗದೆ ಗೂಡು ಕೆಟ್ಟುದರ ಫಲವಾಗಿರಬಹುದು, ನವಿಲಿನ ಕೂಗು ನವಿಲಿನಂತೆ ಕೂಗುವ ಮನುಷ್ಯನದಾಗಿರಬಹುದು, ಆದಕಾರಣ ಅನುಮಾನವು ಪ್ರಮಾಣವೇ ಅಲ್ಲವೆಂದು. ಕೊಳ್ಳೇಗಾಲದ ಕಡೆಯ ಕಾವೇರಿತೀರದವರಿಗೆ ಮೊದಲನೆಯ ಆಕ್ಷೇಪವನ್ನು ವಿವರಿಸಬೇಕಾದುದೇ ಇಲ್ಲ. ಊರಿನಲ್ಲಿ ಹನಿ ಬೀಳದಿದ್ದರೂ ಕಬಿನಿ ಕನ್ನಂಬಾಡಿಗಳ ತೂಬನ್ನೆತ್ತಿದ ದಿನ ಹೊಲಕ್ಕೆ ನೀರು ನುಗ್ಗುವುದನ್ನು ಅವರು ಬಲ್ಲರು. ಸಿದ್ಧಾಂತಿಯ ಸಮಾಧಾನವಾದರೋ, ಬರಿಯ ನೀರಿನ ಏರಿಕೆಯು ಹೇತುವಲ್ಲ, ನೊರೆ ಎಲೆ ಹಣ್ಣು ಕಟ್ಟಿಗೆಗಳನ್ನು ಕೊಚ್ಚಿಕೊಂಡು ಬರುವ ವಿಶೇಷಪ್ರವಾಹವು ಹೇತು ಎಂಬುದು. ಹೇತುವನ್ನು ವಿಶೇಷಗಳಿಂದ ಬಿಗಿಗೊಳಿಸಿದಷ್ಟೂ ವ್ಯಭಿಚಾರವು ತಪ್ಪುತ್ತದೆ. ಅಸ್ಥಿವಿದ್ಯೆಯ ಗುಣದೋಷಗಳನ್ನು ತೂಗುವುದಕ್ಕೆ ಈ ಒಂದು ಸಮಾಧಾನವೇ ಸಾಕಾದ ತಕ್ಕಡಿ.

ಕನ್ನಡನಾಡಿನ ನೆಲದಲ್ಲಿ ದೊರೆತ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣವಾಗಲಿ. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟರು ಬೆಳಗಾವಿಯ ಜಿಲ್ಲೆಯ ಗೋಕಾಕದ ಬಳಿ, ತಾವು ಚಿಕ್‌ಡೌಲಿ ಎಂದು ಬರೆದಿರುವ ಗ್ರಾಮದ ಹತ್ತಿರ, ಹಳ್ಳದ ದಡದ ಮೆಕ್ಕಲಿನಲ್ಲಿ ದೊರೆತ ಖಡ್ಗಮೃಗದ ಹಲ್ಲು ದವಡೆಗಳನ್ನು ಪರೀಕ್ಷಿಸಿ, ೧೮೭೪ರಲ್ಲಿ ಅದಕ್ಕೆ 'ರೈನೊಸೆರಸ್ ಡೆಕ್ಕನೆನ್ಸಿಸ್' ಎಂದು ಹೆಸರಿಟ್ಟು ವರ್ಣಿಸಿದರು. ಖಡ್ಗಮೃಗದ ದವಡೆಹಲ್ಲಿನ ಮೇಲಿನ ಏಣುಗಳ ವಿನ್ಯಾಸವು ದನ ಕುದುರೆ ಆನೆಗಳಲ್ಲಿ ಒಂದಕ್ಕೂ ಇಲ್ಲ. ಹೇತುವು ಸವಿಶೇಷವಾಗಿದೆ, ವ್ಯಾಪ್ತಿಯು ದೃಢವಾಗಿದೆ. ಈಗ ಈ ಪ್ರಾಣಿಯು ಕಾಣಬರುವುದು ಅಸ್ಸಾಮು ಬಂಗಾಳ ನೇಪಾಳಗಳ ಕಡೆಯ ಕಾಡುಗಳಲ್ಲಿ. ಆದರೂ ಘಟಪ್ರಭೆಯ ಸೀಮೆಯಲ್ಲಿ ಖಡ್ಗಮೃಗವು ಒಂದು ಕಾಲದಲ್ಲಿ ಬಾಳಿತ್ತೆಂಬುದನ್ನು, ಯಾರೂ ಕಂಡು ಬರೆದಿಡದಿದ್ದರೂ, ಒಪ್ಪಲೇಬೇಕು. ಸಂಸ್ಕೃತಗ್ರಂಥಗಳಲ್ಲಿ ಖಡ್ಗ, ಗಂಡಕ ಎಂಬ ಹೆಸರುಗಳು ಬರುವುದುಂಟು. ಅವು ಆ ಪ್ರಾಣಿಯ ಪರಿಚಯವನ್ನು ತಿಳಿಸುವುವೇ ಹೊರತು ಗೋಕಾಕದಲ್ಲಿ ಅದು ಇದ್ದಿತೆಂದು ತಿಳಿಸಲಾರವು. ಇಲ್ಲಿ ಶಬ್ದಕ್ಕಿಂತ ಹಲ್ಲು ಪ್ರಬಲ.

ಆದರೆ ಇದರಿಂದಲೇ ಆ ನಾಡು ಆಗ ಜೌಗುನೆಲವಾಗಿದ್ದಿತೆಂದು ಮುಂದುವರಿಯುವವರ ಮಾತು ಮಾತ್ರ ನಿಲ್ಲದು. ಅಸ್ಸಾಮಿನ ಖಡ್ಗಮೃಗವು ಕೆಸರನ್ನು ಬಯಸುತ್ತದೆ, ನಿಜ. ಆಫ್ರಿಕದ ಖಡ್ಗಮೃಗಗಳು ಒಣಹುಲ್ಲುಗಾವಲಿನಲ್ಲಿಯೂ ಮುಳ್ಳುಕಾಡಿನಲ್ಲಿಯೂ ಬಾಳುತ್ತವೆ. ಖಡ್ಗಮೃಗತ್ವವು ಜೌಗನ್ನು ಬಿಟ್ಟೂ ಇರುವುದರಿಂದ ಹೇತುವು ಸವ್ಯಭಿಚಾರವಾಯಿತು. ಜೌಗನ್ನು ಸಾಧಿಸಬೇಕಾದರೆ ಅದೇ ಪದರದ ಪರಾಗ, ಶಂಖ, ಮಣ್ಣಿನ ಬಗೆ ಇವುಗಳ ಸಾಕ್ಷ್ಯವು ಬೇಕು. ಒಂದೇ ಹಲ್ಲಿನಿಂದ ಒಂದು ಮಾತು ಸಿದ್ಧವೂ ಇನ್ನೊಂದು ಮಾತು ಅಸಿದ್ಧವೂ ಆಗುವುದನ್ನು ಬರೆಹಗಾರರು ಬೇರ್ಪಡಿಸಿ ತೋರಿಸದಿದ್ದರೆ ಓದುವವನು ಎರಡನ್ನೂ ಒಟ್ಟಿಗೆ ನಂಬುತ್ತಾನೆ, ಇಲ್ಲವೆ ಎರಡನ್ನೂ ಒಟ್ಟಿಗೆ ಬಿಡುತ್ತಾನೆ.

ಮನುಷ್ಯನ ವಿಷಯಕ್ಕೆ ಬಂದರೆ ಕರ್ಣಾಟಕದ ಸಾಕ್ಷ್ಯವು ಮೂಳೆಗಿಂತ ಹೆಚ್ಚಾಗಿ ಕಲ್ಲಿನದು. ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧನೆಮಾಡಿ, ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ಮಾಡುತ್ತಿದ್ದ ಆದಿಮಾನವರ ಕಮ್ಮಟವನ್ನೇ ಬಯಲಿಗೆ ತಂದರು. ಅಲ್ಲಿ ದೊರೆತ ದನದ ಜಾತಿಯ ಹಲ್ಲುಗಳ ಮೇಲ್ಪದರವನ್ನು ಪರೀಕ್ಷಿಸಿ ಸುಮಾರು ೧೨ ಲಕ್ಷ ವರ್ಷಗಳೆಂದು ೨೦೦೧ರಲ್ಲಿ ಕಾಲವನ್ನು ಪ್ರಕಟಿಸಿದರು. ಗಡಿಗೆಯಿಂದ ಕುಂಬಾರನು ಸಿದ್ಧನಾಗುವಂತೆ ಕೊಡಲಿಯಿಂದ ಅದನ್ನು ಮಾಡಿದವನು ಸಿದ್ಧನಾಗುತ್ತಾನೆ. ಆದರೆ ಗಡಿಗೆಯನ್ನು ನೋಡಿ ಕುಂಬಾರನ ಮೀಸೆಯನ್ನು ವರ್ಣಿಸಲಾಗದು. ಇಸಾಂಪುರದಲ್ಲಿ ಕೆಲಸಮಾಡಿದವನ ಒಂದು ಮೂಳೆಯೂ ದೊರೆತಿಲ್ಲ. ಅವನ ಹಣೆ ಹೇಗಿತ್ತು, ನಡಿಗೆ ಹೇಗಿತ್ತು, ಮಾತು ಬರುತ್ತಿತ್ತೇ ಇಲ್ಲವೇ ಎಂದು ಕೆಲವು ಪಾಠಪುಸ್ತಕಗಳಲ್ಲಿ ಬಣ್ಣದ ಚಿತ್ರಸಹಿತವಾಗಿ ಬರೆಯುವುದು ಕಾವ್ಯವಾದೀತು. ಇದೇ ಬಗೆಯ ಮಾತು ಜನಪದದಲ್ಲಿಯೂ ಉಂಟು. ಕೊಪ್ಪಳದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಮೋರೇರ ಮನೆಗಳೆಂದು ಕರೆದು, ಬಾಗಿಲಿನ ಕಿಂಡಿ ಕಿರಿದಾಗಿರುವುದರಿಂದ ಅವರು ಕುಳ್ಳರೆಂದು ಕಥೆ ಕಟ್ಟಿದರು. ಹಳ್ಳಿಗರ ಕಥೆಗೆ ನಗುವವರು ಪಾಠಪುಸ್ತಕದ ಚಿತ್ರಕ್ಕೂ ಅಷ್ಟೇ ನಗತಕ್ಕದ್ದು.

ಭಾರತದಲ್ಲಿ ಪ್ರಾಚೀನಮಾನವನ ತಲೆಯ ಅಸ್ಥಿಯೆಂದು ಪ್ರಸಿದ್ಧವಾದುದು ನರ್ಮದಾತೀರದ ಹಥನೋರದಲ್ಲಿ ೧೯೮೨ನೆಯ ಡಿಸೆಂಬರ್ ೫ರಂದು ಅರುಣ್ ಸೊನಾಕಿಯಾರಿಗೆ ದೊರೆತ ಕಪಾಲದ ಬಲಭಾಗ. ಅದನ್ನು ಮೊದಲು ಹೋಮೊ ಇರೆಕ್ಟಸ್ ವರ್ಗಕ್ಕೆ ಸೇರಿಸಿದರು. ೧೯೯೧ರಲ್ಲಿ ಬೇರೆ ವಿದ್ವಾಂಸರು ಹೋಮೊ ಸೇಪಿಯನ್ಸಿನ ಪ್ರಾಚೀನರೂಪವೆಂದರು. ಹೊಳೆಯು ಉರುಳಿಸಿ ತಂದ ಜಲ್ಲಿಯ ನಡುವೆ ಸಿಕ್ಕಿದುದಾದಕಾರಣ ಅದರ ಕಾಲವೂ ಚರ್ಚೆಗೆ ಒಳಗಾಗಿಯೇ ಇದೆ. ಗೂಡು ಕೆಟ್ಟ ಇರುವೆಯ ದೃಷ್ಟಾಂತವು ಇಲ್ಲಿಗೆ ಪೂರ್ತಿಯಾಗಿ ಹೊಂದದಿದ್ದರೂ ಸಮೀಪಕ್ಕೆ ಬರುತ್ತದೆ.

ನವಿಲಿನ ಕೂಗಿನ ದೃಷ್ಟಾಂತವಾದರೋ ಅಕ್ಷರಶಃ ಹೊಂದುವುದು ರಾಮಪಿಥೆಕಸ್ಸಿನ ಪ್ರಕರಣಕ್ಕೆ. ಜಿ. ಎಡ್ವರ್ಡ್ ಲೂಯಿಸರಿಗೆ ೧೯೩೨ರಲ್ಲಿ ಶಿವಾಲಿಕ ಬೆಟ್ಟಗಳ ಹರಿತಲ್ಯಾಂಗರದಲ್ಲಿ ಮೇಲುದವಡೆಯ ಒಂದು ತುಂಡು ದೊರೆಯಿತು. ಅದಕ್ಕೆ ಶ್ರೀರಾಮನ ಹೆಸರನ್ನಿಟ್ಟು ೧೯೩೪ರಲ್ಲಿ ಪ್ರಕಟಿಸಿದರು. ೧೯೬೦ರ ದಶಕದಲ್ಲಿ ಎಲ್ವಿನ್ ಸೈಮನ್ಸರು ಆ ಅರ್ಧದವಡೆಗೆ ಕನ್ನಡಿಯ ಬಿಂಬದಂತೆ ಇನ್ನೊಂದರ್ಧವನ್ನು ಕಲ್ಪಿಸಿ, ಹಲ್ಲಿನ ಸಾಲು ಮನುಷ್ಯನದರಂತೆ ಕಮಾನಾಗಿ ಬಾಗಿದೆಯೆಂದೂ, ಆದ್ದರಿಂದ ಸುಮಾರು ೧.೪ ಕೋಟಿ ವರ್ಷಗಳ ಹಿಂದಿನ ಈ ಪ್ರಾಣಿಯು ಮನುಷ್ಯವಂಶದ ಮೂಲಪುರುಷನೆಂದೂ ಪ್ರತಿಪಾದಿಸಿದರು. ದವಡೆಯ ನಡುಗೆರೆಯೇ ಇಲ್ಲದಿರುವಾಗ ಎರಡು ಅರ್ಧಗಳನ್ನು ಯಾವ ಕೋನದಲ್ಲಿ ಜೋಡಿಸಬೇಕೆಂಬುದನ್ನು ನಿರ್ಣಯಿಸಿದವರು ಯಾರು? ಜೋಡಿಸಿದವರೇ. ಸಾಧಿಸಬೇಕಾದ ಕಮಾನು ಹೇತುವಿನೊಳಗೆ ಮೊದಲೇ ಹೊಕ್ಕು ಕುಳಿತಿತ್ತು. ೧೯೬೭ರಲ್ಲಿ ಸಾರಿಚ್ ಮತ್ತು ವಿಲ್ಸನ್ ಎಂಬವರು ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯನೂ ಚಿಂಪಾಂಜಿಯೂ ಕವಲೊಡೆದುದು ಸುಮಾರು ೫೦ ಲಕ್ಷ ವರ್ಷಗಳ ಹಿಂದೆಯೇ ಎಂದಾಗ ಅಸ್ಥಿವಿದ್ಯೆಯವರಲ್ಲಿ ಅನೇಕರು ಕಿವಿಗೊಡಲಿಲ್ಲ. ೧೯೮೨ರಲ್ಲಿ ಡೇವಿಡ್ ಪಿಲ್ಬೀಮರು ಪೊಟ್ವಾರ ಪ್ರಸ್ಥಭೂಮಿಯಲ್ಲಿ ದೊರೆತ ಶಿವಪಿಥೆಕಸ್ಸಿನ ಮುಖವನ್ನು ಪ್ರಕಟಿಸಿದ ಮೇಲೆ ಅದು ಒರಾಂಗುಟಾನಿನ ಮುಖಕ್ಕೆ ಸಮೀಪವೆಂಬುದು ಸ್ಪಷ್ಟವಾಯಿತು. ರಾಮಪಿಥೆಕಸ್ಸೆಂಬ ಹೆಸರು ಶಿವಪಿಥೆಕಸ್ಸಿನಲ್ಲಿ ಲೀನವಾಯಿತು. ರಾಮನು ಶಿವನಲ್ಲಿ ಐಕ್ಯನಾದನೆಂದು ಪುರಾಣಪ್ರವಚನಕಾರರು ಬೇಕಾದರೆ ಹೇಳಿಕೊಳ್ಳಬಹುದು.

ಇದಕ್ಕೆ ಪ್ರತಿಯಾಗಿ ಇನ್ನೊಂದು ದವಡೆಯ ವೃತ್ತಾಂತವುಂಟು. ಅದು ಲೊಕ್ಕನಹಳ್ಳಿಯ ನೆರೆಹೊರೆಗೆ ಒಂದು ಬಗೆಯಲ್ಲಿ ಸಂಬಂಧಿಸಿದುದು. ಲೊಕ್ಕನಹಳ್ಳಿಯ ಬಳಿಯ ಒಡೆಯರಪಾಳ್ಯದಲ್ಲಿ ೧೯೭೦ರ ದಶಕದಿಂದ ಟಿಬೆಟ್ಟಿನ ನಿರಾಶ್ರಿತರು ನೆಲಸಿದ್ದಾರೆ. ಅವರ ಪೂರ್ವಜರ ನಾಡಾದ ಟಿಬೆಟ್ ಪ್ರಸ್ಥಭೂಮಿಯ ಈಶಾನ್ಯದಂಚಿನಲ್ಲಿ, ಗಾನ್ಸು ಪ್ರಾಂತದ ಬೈಶಿಯಾ ಗುಹೆಯಲ್ಲಿ, ೧೯೮೦ರಲ್ಲಿ ಬೌದ್ಧಭಿಕ್ಷುವೊಬ್ಬರಿಗೆ ಅರ್ಧ ಕೆಳದವಡೆಯೊಂದು ಸಿಕ್ಕಿತು. ಅವರು ಅದನ್ನು ಎಸೆಯದೆ ತಮ್ಮ ಗುರುಗಳಿಗೆ ಒಪ್ಪಿಸಿದರು. ಗುರುಗಳಿಂದ ಅದು ಲಾಂಜೌ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಸುಮಾರು ನಾಲ್ವತ್ತು ವರ್ಷಗಳ ಮೇಲೆ, ೨೦೧೯ರಲ್ಲಿ, ಹಲ್ಲಿನೊಳಗೆ ಉಳಿದಿದ್ದ ಪ್ರೋಟೀನನ್ನು ಪರೀಕ್ಷಿಸಿ, ಇದು ಡೆನಿಸೋವರೆಂಬ ಅಳಿದುಹೋದ ಮಾನವವರ್ಗದವನದೆಂದೂ ೧,೬೦,೦೦೦ ವರ್ಷಗಳಿಗೆ ಕಡಮೆಯಿಲ್ಲದ ಕಾಲದ್ದೆಂದೂ ನಿರ್ಣಯಿಸಿದರು. ಮರುವರ್ಷವೇ ಆ ಗುಹೆಯ ಮಣ್ಣಿನಲ್ಲಿ ಅದೇ ವರ್ಗದವರ ಡಿಎನ್‌ಎ ಕೂಡ ಸಿಕ್ಕಿತು. ಇಲ್ಲಿಯೂ ಇದ್ದುದು ಅರ್ಧದವಡೆಯೇ. ಆದರೆ ಆಕಾರಸಾದೃಶ್ಯವೊಂದನ್ನೇ ನೆಚ್ಚದೆ, ಬೇರೆ ಬೇರೆ ಮಾರ್ಗಗಳಿಂದ ಬಂದ ಹೇತುಗಳು ಒಂದೇ ಸಾಧ್ಯದಲ್ಲಿ ಕೂಡಿದುವು. ಮೂಳೆಯ ಸಣ್ಣತನವು ದೋಷವಲ್ಲ. ಒಂದೇ ಕಣ್ಣಿನಿಂದ ನೋಡಿದುದು ದೋಷ. ಮೂಳೆಯ ತುಂಡಿನಿಂದ ಏನು ತಾನೇ ತಿಳಿದೀತೆಂದು ಹೀಗಳೆಯುವವರಿಗೂ ಈ ಎರಡನೆಯ ದವಡೆಯು ಉತ್ತರವಾಗಿದೆ.

ಅಸ್ಥಿವಾದಿಗಳ ಅತ್ಯುಕ್ತಿಯು ಹೀಗಿರಲು, ದಶಾವತಾರಗಳಲ್ಲಿಯೇ ವಿಕಾಸವಾದವಿದೆಯೆಂದು ಸಾರುವ ಪಂಡಿತರ ಅತ್ಯುಕ್ತಿಯು ಅದಕ್ಕಿಂತ ಕೆಳಗಿನದು. ಮೀನು, ಆಮೆ, ಹಂದಿ, ನರಸಿಂಹ, ಕುಳ್ಳ, ಮನುಷ್ಯ ಎಂಬ ಕ್ರಮವನ್ನು ತೋರಿಸಿ ಈ ಸಮೀಕರಣವನ್ನು ಹರಡಿದವರಲ್ಲಿ ೧೮೭೭ರಲ್ಲಿ ಬ್ಲಾವಟ್‌ಸ್ಕಿಯವರೂ ೧೮೮೨ರಲ್ಲಿ ಕೇಶವಚಂದ್ರ ಸೇನರೂ ಮುಖ್ಯರು. ಡಾರ್ವಿನ್ನನ ಗ್ರಂಥವು ಪ್ರಕಟವಾದುದು ೧೮೫೯ರಲ್ಲಿ. ಅದಕ್ಕೆ ಮೊದಲು ಯಾವ ವ್ಯಾಖ್ಯಾನಕಾರರಿಗೂ ಕಾಣದ ಅರ್ಥವು ಅದು ಬಂದ ಮೇಲೆ ಕಂಡಿತೆಂದರೆ ಅರ್ಥವು ಎಲ್ಲಿಂದ ಬಂದಿತೆಂಬುದು ಸ್ಪಷ್ಟ. ಭಾಗವತದ ಪ್ರಥಮಸ್ಕಂಧದ ಅವತಾರಗಣನೆಯಲ್ಲಿ ವರಾಹನು ಎರಡನೆಯವನು, ಮತ್ಸ್ಯನು ಹತ್ತನೆಯವನು, ಕೂರ್ಮನು ಹನ್ನೊಂದನೆಯವನು. ಆ ಕ್ರಮವನ್ನು ಹಿಡಿದರೆ ಹಂದಿಯು ಮೀನಿಗಿಂತ ಮೊದಲು ಹುಟ್ಟಬೇಕಾಗುವುದು. ಅದೂ ಅಲ್ಲದೆ ಮತ್ಸ್ಯನಿಂದ ಕೂರ್ಮನು ಹುಟ್ಟಿದನೆಂದು ಯಾವ ಪುರಾಣದಲ್ಲಿಯೂ ಇಲ್ಲ; ಪ್ರತಿಯೊಂದು ಅವತಾರವೂ ಒಂದೊಂದು ಪ್ರಯೋಜನಕ್ಕಾಗಿ ಭಗವಂತನ ಇಳಿದುಬರುವಿಕೆ. ವಿಕಾಸವಾದದ ಜೀವವೇ ಸಂತಾನಪರಂಪರೆ. ಅವತಾರದಲ್ಲಿ ಇಲ್ಲದುದೂ ಅದೇ. ಪುರಾಣಕ್ಕೆ ಗೌರವವನ್ನು ತರುವುದಕ್ಕೆಂದು ಹೇಳುವ ಈ ಮಾತಿನಿಂದ ಪುರಾಣದ ತಾತ್ಪರ್ಯವೂ ಕೆಡುತ್ತದೆ, ಶಿಲಾಸ್ಥಿಗಳನ್ನು ಅಗೆದು ತೆಗೆದವರ ಶ್ರಮವೂ ಅಲಕ್ಷ್ಯವಾಗುತ್ತದೆ.

ಇನ್ನು ಲೊಕ್ಕನಹಳ್ಳಿಯ ಬಂಡೆ. ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿಯೂ ಅದರ ಬುಡದಲ್ಲಿಯೂ ಇರುವುದು ಚಾರ್ನೊಕೈಟ್ ಮತ್ತು ನೈಸ್ ಎಂಬ ಜಾತಿಯ ಕಲ್ಲು. ಭೂಮಿಯ ಹೊರಪದರದ ಬಲು ಆಳದಲ್ಲಿ ಅಪಾರವಾದ ಶಾಖ ಒತ್ತಡಗಳಿಗೆ ಸಿಕ್ಕಿ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಈ ರೂಪವನ್ನು ತಾಳಿದುದು. ಮೂಳೆಚಿಪ್ಪುಗಳುಳ್ಳ ಪ್ರಾಣಿಗಳು ಜಗತ್ತಿನಲ್ಲಿ ಹೇರಳವಾಗಿ ಕಾಣಿಸಿಕೊಳ್ಳುವುದೇ ಸುಮಾರು ೫೪ ಕೋಟಿ ವರ್ಷಗಳಿಂದೀಚೆಗೆ. ಆದಕಾರಣ ಮೂಳೆಯು ಇದರೊಳಗೆ ಇರುವ ಸಂಭವವೇ ಇಲ್ಲ. ಜಿಲ್ಲೆಯಲ್ಲಿ ಹೆಸರಾದ ಕರಿಕಲ್ಲಾದರೂ ಕರಗಿದ ಶಿಲಾರಸವು ಬಿರುಕುಗಳಲ್ಲಿ ನುಗ್ಗಿ ಆರಿದುದು. ಅದರಲ್ಲಿಯೂ ಜೀವಿಯ ಕುರುಹನ್ನು ಹುಡುಕುವುದು ವ್ಯರ್ಥ. ಚಾರ್ನೊಕೈಟೆಂಬ ಹೆಸರು ಬಂದುದು ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನೊಕನ ಸಮಾಧಿಯ ಕಲ್ಲಿನಿಂದ. ೧೮೯೩ರಲ್ಲಿ ಥಾಮಸ್ ಹಾಲೆಂಡರು ಹಾಗೆ ಕರೆದರು. ಸಮಾಧಿಯಿಂದ ಹೆಸರನ್ನು ಪಡೆದ ಕಲ್ಲಿನೊಳಗೆ ಅಸ್ಥಿಯ ಗಂಧವೂ ಇಲ್ಲದಿರುವುದು ವಿಚಿತ್ರ.

ಬಂಡೆಯ ಮೇಲಣ ಕಾಡುಮಣ್ಣಿನ ಯೋಗ್ಯತೆಯೂ ಹೆಚ್ಚಿನದಲ್ಲ. ಈ ಕಾಡಿನಲ್ಲಿ ಸತ್ತ ಆನೆಯ ಎಲುಬಿನ ರಾಶಿಯು ಎಷ್ಟು ಕಾಲ ಉಳಿದೀತು? ಮಾಂಸವನ್ನು ಹಂದಿ ನಾಯಿಗಳು ತಿನ್ನುತ್ತವೆ; ಮೂಳೆಯನ್ನು ಮುಳ್ಳುಹಂದಿಯು ಕಡಿಯುತ್ತದೆ; ಮಿಕ್ಕುದು ಬಿಸಿಲಿಗೆ ಸೀಳಿ, ಕೊಳೆತ ಎಲೆಗಳಿಂದ ಹುಳಿಯೇರಿದ ತೇವದ ಮಣ್ಣಿನಲ್ಲಿ ಕರಗುತ್ತದೆ. ಮೂಳೆಯು ಉಳಿಯಬೇಕಾದರೆ ಬೇಗನೆ ಹೂಳಲ್ಪಡಬೇಕು, ಹೂಳಿದ ನೆಲದಲ್ಲಿ ಸುಣ್ಣದ ಅಂಶವಿದ್ದರೆ ಲೇಸು. ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳಲ್ಲಿ ಫೂಟರೂ ಅವರ ಮಗನೂ ೧೮೮೪-೮೫ರಲ್ಲಿ ಅಗೆದಾಗ ಖಡ್ಗಮೃಗವೇ ಮೊದಲಾದ ಅನೇಕ ಪ್ರಾಣಿಗಳ ಮೂಳೆಗಳು ದೊರೆತುದಕ್ಕೆ ಆ ಗುಹೆಗಳು ಸುಣ್ಣಕಲ್ಲಿನವಾಗಿದ್ದುದೇ ಕಾರಣ. ಕಾವೇರಿಯನ್ನೇ ಹಿಡಿದು ಕೆಳಕ್ಕೆ ಹೋದರೆ ತಿರುಚಿರಾಪಳ್ಳಿಯಾಚೆಯ ಅರಿಯಲೂರಿನ ಪ್ರಾಂತದಲ್ಲಿ ಒಂದು ಕಾಲದ ಕಡಲಡಿಯ ಕೆಸರು ಕಲ್ಲಾಗಿ, ಸಾಲಗ್ರಾಮದ ಬಂಧುಗಳಾದ ಅಮ್ಮೊನೈಟುಗಳು ಹೊಲಗಳಲ್ಲಿಯೇ ಸಿಕ್ಕುತ್ತವೆ. ಅಲ್ಲಿನ ಕಲ್ಲಮೇಡಿನಲ್ಲಿ ದೊರೆತ ಭಾರಿ ಮೂಳೆಗಳಿಗೆ ೧೯೮೭ರಲ್ಲಿ 'ಬೃಹತ್ಕಾಯೊಸಾರಸ್' ಎಂದು ಸಂಸ್ಕೃತದ ಹೆಸರನ್ನಿಟ್ಟರು. ಮೊದಲು ಮಾಂಸಾಹಾರಿಯೆಂದರು, ಅನಂತರ ಸಸ್ಯಾಹಾರಿಯೆಂದರು. ಅಷ್ಟರಲ್ಲಿ ಮೂಳೆಗಳೇ ಶಿಥಿಲವಾಗಿ ಪುಡಿಯಾದುವು. ಈಗ ಉಳಿದಿರುವುದು ವರ್ಣನೆ, ರೇಖಾಚಿತ್ರ, ಕೆಲವು ಛಾಯಾಚಿತ್ರಗಳು ಮಾತ್ರ. ಕೋಟ್ಯಂತರ ವರ್ಷ ಉಳಿದುದು ದೊರೆತ ಮೇಲೆ ಕೆಲವೇ ವರ್ಷಗಳಲ್ಲಿ ಅಳಿಯಬಲ್ಲದಾದರೆ, ದೊರೆಯದೆಯೇ ಅಳಿದುವೆಷ್ಟಿರಬಹುದು?

ಹೀಗಿರುವುದರಿಂದ, ಲೊಕ್ಕನಹಳ್ಳಿಯಲ್ಲಿ ಪ್ರಾಚೀನಾಸ್ಥಿಗಳು ಕಾಣವು, ಆದಕಾರಣ ಅಲ್ಲಿ ಪ್ರಾಚೀನಜೀವಿಗಳೂ ಪ್ರಾಚೀನಮಾನವರೂ ಇರಲಿಲ್ಲ ಎಂಬ ವಾದವು ಸಲ್ಲದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪಿದ್ದಾರೆ. ಆದರೆ ವೇದಾಂತಪರಿಭಾಷೆಯನ್ನು ಓದಿದ ವಿದ್ಯಾರ್ಥಿಯೂ ಬಲ್ಲಂತೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಅರಿಯಲೂರಿನ ಮಣ್ಣು ಬೆಳಕುಳ್ಳ ನೆಲ. ಲೊಕ್ಕನಹಳ್ಳಿಯ ಮಣ್ಣು ಕತ್ತಲೆಯ ಕೋಣೆ. ವಿಕಾಸವಾದಕ್ಕೆ ವಿರೋಧವಾಗಿ, ನಡುವಣ ಕೊಂಡಿಗಳು ಸಿಕ್ಕಿಲ್ಲವೆಂದು ಆಕ್ಷೇಪಿಸುವವರೂ ಯಾವ ಕಾಲದ ಯಾವ ನೆಲದಲ್ಲಿ ಸಿಕ್ಕಿಲ್ಲ, ಆ ನೆಲಕ್ಕೆ ಯೋಗ್ಯತೆಯುಂಟೆ ಎಂದು ಕೇಳಿಕೊಳ್ಳುವುದಿಲ್ಲ.

ಕತ್ತಲೆಯ ಕೋಣೆಯಲ್ಲಿ ಕೈಗೆ ಸಿಕ್ಕಿದುದನ್ನೇ ಗಡಿಗೆಯೆನ್ನುವ ಪ್ರಮಾದವು ಇದಕ್ಕಿಂತ ದೊಡ್ಡದು. ಇದರಿಂದ ಹಾನಿಗೆ ಒಳಗಾದವರು ಕಲ್ಲುಗಳಲ್ಲ, ಮನುಷ್ಯರು. ದಕ್ಷಿಣದ ಕಾಡುಗಳಲ್ಲಿ ಪ್ರಾಚೀನಮಾನವನ ಅಸ್ಥಿಯು ಸಿಕ್ಕದೆಹೋದಾಗ ಕೆಲವು ವಿದ್ವಾಂಸರು ಅದರ ಬದಲಾಗಿ ಅಲ್ಲಿ ಬಾಳುತ್ತಿದ್ದವರ ಮುಖಗಳನ್ನು ಅಳೆದರು. ಮದರಾಸಿನ ವಸ್ತುಸಂಗ್ರಹಾಲಯದ ಅಧ್ಯಕ್ಷರಾಗಿದ್ದ ಎಡ್ಗರ್ ಥರ್ಸ್ಟನ್ನರು ಕೆ. ರಂಗಾಚಾರಿಯವರೊಡನೆ ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಶೋಲಗರೆಂಬ ಹೆಸರಿನಿಂದ ಸೋಲಿಗರ ವೃತ್ತಾಂತವೂ ಇದೆ. ಆಗ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು; ಮೈಸೂರಿಗೆ ಸೇರಿದುದು ೧೯೫೬ರಲ್ಲಿ. ಸಂಗ್ರಹಗ್ರಂಥವಾಗಿ ಅದರ ಬೆಲೆಯು ಈಗಲೂ ದೊಡ್ಡದು. ಆಚಾರವಿಚಾರಗಳ ಎಷ್ಟೋ ವಿವರಗಳು ಬೇರೆಲ್ಲಿಯೂ ದೊರೆಯವು. ಆದರೆ ಅದರ ಪೀಠಿಕೆಯಲ್ಲಿ ಮೂಗಿನ ಅಗಲವನ್ನು ಉದ್ದದೊಡನೆ ಹೋಲಿಸಿದ ಅಂಕಿಗಳನ್ನು ಹಿಡಿದು, ಅಗಲಮೂಗಿನ ಕಾಡಿನ ಜನರು ದ್ರಾವಿಡರಿಗಿಂತ ಹಿಂದಣ ಆದಿಜಾತಿಯವರೆಂದು ನಿರೂಪಿಸಿದ್ದಾರೆ. ೧೯೩೧ರ ಜನಗಣತಿಯ ಸಂದರ್ಭದಲ್ಲಿ ಬಿ. ಎಸ್. ಗುಹರು ತಲೆಮೂಗುಗಳ ಅಳತೆಯಿಂದಲೇ ಭಾರತದ ಜನರನ್ನು ವಿಭಾಗಿಸಿ, ಬುಡಕಟ್ಟಿನವರಲ್ಲಿ ಬಹುಮಂದಿಗೆ ಪ್ರೊಟೊ-ಆಸ್ಟ್ರಲಾಯ್ಡೆಂದು ಹೆಸರಿಟ್ಟರು. ಆ ಹೆಸರು ಪರೀಕ್ಷೆಗಳ ಕೈಪಿಡಿಗಳಲ್ಲಿ ಇಂದಿಗೂ ಸತ್ತಿಲ್ಲ.

ಈ ಅನುಮಾನದ ಅವಯವಗಳನ್ನು ಬಿಡಿಸಿ ನೋಡಿದರೆ ಹೀಗಿದೆ: ಇವರು ಆದಿಮಾನವನ ದೇಹವುಳ್ಳವರು, ಅಗಲವಾದ ಮೂಗುಳ್ಳವರಾದಕಾರಣ, ಅವನಂತೆ. 'ಅವನಂತೆ' ಎಂಬ ದೃಷ್ಟಾಂತದಲ್ಲಿ ಆ ಅವನಾರು? ಈ ಕಾಡುಗಳ ಆದಿಮಾನವನ ಮುಖದ ಒಂದು ಎಲುಬೂ ಸಿಕ್ಕಿಲ್ಲವಾಗಿ ದೃಷ್ಟಾಂತವೇ ಅಸಿದ್ಧ. ಮೂಗಿನ ಅಗಲವು ಗಾಳಿಯ ಶಾಖ ತೇವಗಳನ್ನು ಅನುಸರಿಸುವುದೆಂದು ಬೇರೆ ಪರೀಕ್ಷೆಗಳಿಂದ ತಿಳಿದಿರುವುದರಿಂದ ಹೇತುವಿನಲ್ಲಿ ಉಪಾಧಿಯೂ ಉಂಟು. ಇನ್ನು, ಕಾಡಿನಲ್ಲಿ ಜೇನು ಗೆಡ್ಡೆಗಳನ್ನು ತಂದು ಬಾಳುವವನು ಹಳೆಯ ಕಾಲದವನೆಂಬ ಹೇತುವೂ ಇಂತಹುದೇ. ಜೀವನಕ್ರಮವು ಬೇರೆ, ವಂಶದ ಪ್ರಾಯವು ಬೇರೆ. ಸೋಲಿಗರ ನುಡಿಯು ಕನ್ನಡಕ್ಕೆ ತೀರ ಸಮೀಪವಾದುದು. ಆ ನುಡಿಗೆ ಕನ್ನಡಕ್ಕಿಂತ ಲಕ್ಷಾಂತರ ವರ್ಷಗಳ ಹಿಂದಣ ಬೇರನ್ನು ಕಲ್ಪಿಸುವುದು ಹೇಗೆ? ಮೊರಾಕೊ ದೇಶದ ಜೆಬೆಲ್ ಇರ್ಹೂದಿನಲ್ಲಿ ದೊರೆತು ೨೦೧೭ರಲ್ಲಿ ಸುಮಾರು ೩ ಲಕ್ಷ ವರ್ಷಗಳವೆಂದು ನಿರ್ಣಯಿಸಲ್ಪಟ್ಟ ಕಪಾಲಗಳು ಹೋಮೊ ಸೇಪಿಯನ್ಸಿನ ಅತಿ ಹಳೆಯ ರೂಪಗಳಲ್ಲಿ ಸೇರಿವೆ. ಆ ಬುಡದಿಂದ ಈಗ ಬದುಕಿರುವ ಪ್ರತಿಯೊಬ್ಬ ಮನುಷ್ಯನಿಗೂ ಕಳೆದಿರುವ ಕಾಲವು ಒಂದೇ. ಪೋಡಿನಲ್ಲಿರುವ ಸೋಲಿಗನೂ ಅವನ ಮೂಗನ್ನು ಅಳೆದ ಸಾಹೇಬನೂ ಗುರುಕುಲದಲ್ಲಿ ಕುಳಿತು ತರ್ಕಸಂಗ್ರಹವನ್ನು ಓದುವ ವಟುವೂ ಸಮಾನವಯಸ್ಕವಾದ ವಂಶದವರು. ಬಿಳಿಗಿರಿರಂಗನು ಸೋಲಿಗರ ಕನ್ನಿಕೆಯನ್ನು ಮದುವೆಯಾದನೆಂಬ ಕಥೆಯಲ್ಲಿ ಅವರು ದೇವರನ್ನು ಭಾವನೆಂದು ಕರೆಯುತ್ತಾರೆ. ಅಸ್ಥಿವಿದ್ಯೆಗೆ ಈ ಕಥೆಯು ಪ್ರಮಾಣವಲ್ಲ. ಆದರೆ ಅವರನ್ನು ಶಿಲಾಯುಗದಲ್ಲಿ ಕುಳ್ಳಿರಿಸಿದ ಅಂಕಿಗಳಿಗೆ ಇದಕ್ಕಿಂತ ಹೆಚ್ಚಿನ ಪ್ರಾಮಾಣ್ಯವಿದ್ದಿತೆಂದು ಹೇಳುವುದು ಸಾಧ್ಯವಿಲ್ಲ. ಆದಿವಾಸಿಯೆಂಬ ಶಬ್ದದಲ್ಲಿಯೂ ಆದಿತ್ವವು ವಾಸಕ್ಕೆ ವಿಶೇಷಣವೇ ಹೊರತು ದೇಹಕ್ಕಲ್ಲ. ಸಮಾಸವನ್ನು ಬಿಡಿಸಬಲ್ಲವರಿಗೆ ಇದು ತಿಳಿಯಬೇಕು.

ಹಾಗಾದರೆ ಈ ಸೀಮೆಯಲ್ಲಿ ಹುಡುಕತಕ್ಕದ್ದೇ ಇಲ್ಲವೆ ಎಂದರೆ, ಉಂಟು. ಚಾರ್ನೊಕೈಟ್ ಕಲ್ಲಿಗೆ ಪ್ರಸಿದ್ಧವಾದ ಇನ್ನೊಂದು ಸ್ಥಳವು ಮದರಾಸಿನ ಬಳಿಯ ಪಲ್ಲಾವರ. ಅಲ್ಲಿಯ ಬಂಡೆಯಲ್ಲಿಯೂ ಮೂಳೆಯಿಲ್ಲ. ಆದರೆ ೧೮೬೩ನೆಯ ಮೇ ೩೦ರಂದು ಫೂಟರು ಭಾರತದ ಪ್ರಾಚೀನಶಿಲಾಯುಗಕ್ಕೆ ಸೇರಿದುದೆಂದು ಮೊತ್ತಮೊದಲು ಗುರುತಿಸಲ್ಪಟ್ಟ ಕಲ್ಲಿನ ಆಯುಧವನ್ನು ಎತ್ತಿಕೊಂಡುದು ಅಲ್ಲಿಯೇ, ಬಂಡೆಯ ಮೇಲಣ ಜಲ್ಲಿಯ ಗುಂಡಿಯೊಂದರಲ್ಲಿ. ಬಂಡೆಯ ಯೋಗ್ಯತೆ ಬೇರೆ, ಅದರ ಮೇಲೆ ಹರಡಿದ ಜಲ್ಲಿಯ ಯೋಗ್ಯತೆ ಬೇರೆ. ಲೊಕ್ಕನಹಳ್ಳಿಯ ಸುತ್ತಿನ ಹಳ್ಳಗಳ ದಡಗಳಲ್ಲಿಯೂ ಜಲ್ಲಿಯ ಪದರಗಳಲ್ಲಿ ನೋಡತಕ್ಕದ್ದು ಮೂಳೆಯನ್ನಲ್ಲ, ಕೈಕೆಲಸದ ಕಲ್ಲನ್ನು. ಅದರಲ್ಲಿಯೂ ಬೆಣಚುಕಲ್ಲಿನ ಚಕ್ಕೆಗಳನ್ನು. ಬೆಣಚುಕಲ್ಲು ತಾನಾಗಿ ಒಡೆದಾಗಲೂ ಚಕ್ಕೆಯಾಗುವುದರಿಂದ ಒಂದೆರಡು ಚಕ್ಕೆಗಳಿಂದ ಏನೂ ಸಿದ್ಧವಾಗದು. ಏಟು ಬಿದ್ದ ಕಡೆಯ ಉಬ್ಬು, ಒಂದೇ ಅಂಚಿನಲ್ಲಿ ಸಾಲಾಗಿ ಬಿದ್ದ ಪೆಟ್ಟುಗಳು, ಒಡೆದ ಗಟ್ಟಿಯೂ ಚಕ್ಕೆಗಳೂ ಒಂದೇ ಪದರದಲ್ಲಿ ಕೂಡಿರುವುದು ಇವು ಹೇತುವಿಗೆ ವಿಶೇಷಣಗಳು. ದೊರೆತುದನ್ನು ಮನೆಗೆ ತಂದು ಕಪಾಟಿನಲ್ಲಿಡುವ ಮೊದಲು ಹಳ್ಳದ ಹೆಸರು, ದಡದ ಯಾವ ಮಗ್ಗುಲು, ಮೇಲಿನಿಂದ ಎಷ್ಟು ಅಡಿಯ ಆಳ, ಮೇಲೆ ಕೆಳಗೆ ಯಾವ ಮಣ್ಣು ಎಂಬಿವುಗಳನ್ನು ಬರೆದಿಟ್ಟಿರಬೇಕು. ಪದರದಿಂದ ಕಿತ್ತು ತಂದ ಮೇಲೆ ಆ ವಿವರಗಳನ್ನು ಕಲ್ಲು ತಾನಾಗಿ ಹೇಳುವುದಿಲ್ಲ.